ನಿಮ್ಮ ಕೈಗೆ ಒಪ್ಪುವ ಹಿಡಿ

ಪ್ರಶ್ನೆ: ನಮಸ್ಕಾರ. ಮರದಲ್ಲಿ ಹಕ್ಕಿ, ಚಮಚ ಅಂತ ಸಣ್ಣಪುಟ್ಟದ್ದು ಕೆತ್ತಲು ಶುರು ಮಾಡಿ ಒಂದು ವರ್ಷವಾಯಿತು. ಚಾಕುವಿನ ಅಲಗು ಚೆನ್ನಾಗಿದೆ, ಆದರೆ ಹಿಡಿ ತೆಳ್ಳಗೆ, ಗಿಡ್ಡ. ಅರ್ಧ ಗಂಟೆ ಕೆತ್ತಿದರೆ ಬೆರಳು ಜೋಮು ಹಿಡಿಯುತ್ತದೆ, ಅಂಗೈಯಲ್ಲಿ ಗುಳ್ಳೆ ಏಳುತ್ತದೆ. ಬೇರೆ ಹಿಡಿ ನಾನೇ ಮಾಡಿಕೊಳ್ಳಬಹುದಾ? ಯಾವ ಮರ, ಎಷ್ಟು ಅಳತೆ?

ಉತ್ತರ: ಖಂಡಿತ ಮಾಡಬಹುದು. ಆದರೆ ಮರ ಹುಡುಕುವುದಕ್ಕೆ ಮೊದಲು ಒಂದು ಮುದ್ದೆ ಜೇಡಿಮಣ್ಣು ತೆಗೆದುಕೊಳ್ಳಿ. ಅದನ್ನು ಉದ್ದಕ್ಕೆ ಹೊಸೆದು, ಚಾಕು ಹಿಡಿಯುವ ಹಾಗೆಯೇ ಹಿಡಿದು ಮೆಲ್ಲಗೆ ಅದುಮಿ. ಸುಮ್ನೆ ಹಿಡಿದರೆ ಸಾಲದು, ಅಲಗನ್ನು ನಿಮ್ಮ ಕಡೆ ಎಳೆಯುವಾಗ ಹೇಗೆ ಹಿಡಿಯುತ್ತೀರಿ, ಹೆಬ್ಬೆರಳಿಟ್ಟು ಮುಂದೆ ತಳ್ಳುವಾಗ ಹೇಗೆ ಹಿಡಿಯುತ್ತೀರಿ, ಎರಡನ್ನೂ ಮಾಡಿ ನೋಡಿ. ಕೈಗೆ ಎಲ್ಲಿ ದಪ್ಪ ಬೇಕು, ಎಲ್ಲಿ ಬೇಡ ಅಂತ ಮಣ್ಣಿನಲ್ಲೇ ಕಾಣುತ್ತದೆ. ಹಾಗಂತ ಬೆರಳಿನ ಗುರುತುಗಳನ್ನೆಲ್ಲ ಮರದಲ್ಲಿ ಆಳವಾಗಿ ಕೆತ್ತಬೇಡಿ. ಅಂಥ ಹಿಡಿ ಒಂದೇ ಭಂಗಿಗೆ ಸರಿಹೋಗುತ್ತದೆ, ಕೆತ್ತನೆಯಲ್ಲಿ ಹಿಡಿತ ನಿಮಿಷಕ್ಕೊಂದು ಸಲ ಬದಲಾಗುತ್ತದೆ ಅಲ್ವಾ?

ಅಳತೆ ಅಂದರೆ, ಹೆಚ್ಚಿನವರ ಕೈಗೆ 11ರಿಂದ 13 ಸೆಂಟಿಮೀಟರ್ ಉದ್ದ ಸಾಕು. ಹಿಡಿಯ ತುದಿ ಕಿರುಬೆರಳು ದಾಟಿ ಸ್ವಲ್ಪ ಹೊರಗೆ ಬರಬೇಕು. ಅಂಗೈ ನಡುವೆಯೇ ಮುಗಿದುಹೋದರೆ ಆ ತುದಿ ಚುಚ್ಚಿ ಚುಚ್ಚಿ ಗುಳ್ಳೆಯಾಗುತ್ತದೆ, ನಿಮಗೆ ಆಗುತ್ತಿರುವುದೂ ಬಹುಶಃ ಅದೇ. ಆಕಾರ ಮೊಟ್ಟೆಯ ಹಾಗೆ ಉದ್ದುರುಂಡೆ ಇರಲಿ, ಪೂರ್ತಿ ಗುಂಡಗೆ ಬೇಡ. ನಾನು ಮಾಡಿದ ಮೊದಲ ಹಿಡಿ ಗುಂಡಗಿತ್ತು, ಗಟ್ಟಿ ಮರ ಸಿಕ್ಕಾಗಲೆಲ್ಲ ಅದು ಕೈಯೊಳಗೆ ತಿರುಗಿಬಿಡುತ್ತಿತ್ತು. ಉದ್ದುರುಂಡೆ ಇದ್ದರೆ ಅಲಗಿನ ಬಾಯಿ ಯಾವ ಕಡೆ ಇದೆ ಅಂತ ನೋಡದೆಯೇ ಕೈಗೆ ಗೊತ್ತಾಗುತ್ತದೆ. ಇನ್ನು, ಕೆತ್ತದಿದ್ದಾಗಲೂ ಜೋಮು ಉಳಿಯುತ್ತಿದ್ದರೆ ಅದು ಹಿಡಿಯ ವಿಷಯವಲ್ಲ, ವೈದ್ಯರಿಗೆ ತೋರಿಸಿ.

ಮರ ಗಟ್ಟಿಯಾಗಿರಬೇಕು, ಅದಕ್ಕಿಂತ ಮುಖ್ಯವಾಗಿ ಚೆನ್ನಾಗಿ ಒಣಗಿರಬೇಕು. ಹಸಿ ಮರ ಒಣಗುವಾಗ ಕುಗ್ಗುತ್ತದೆ, ಒಳಗಿರುವ ಉಕ್ಕು ಕುಗ್ಗುವುದಿಲ್ಲ, ಆಗ ಹಿಡಿ ಸೀಳುತ್ತದೆ. ಮರದ ಎಳೆ ಹಿಡಿಯ ಉದ್ದಕ್ಕೇ ಓಡಬೇಕು, ಅಡ್ಡ ಎಳೆ ಇದ್ದರೆ ಜೋರು ಬಿದ್ದಾಗ ಮುರಿಯುತ್ತದೆ. ಬೀಟೆ, ತೇಗ ನೋಡಲು ಚೆಂದ, ಆದರೆ ಎರಡರಲ್ಲೂ ಎಣ್ಣೆಯ ಅಂಶ ಇದೆ, ಅಂಟುವ ಜಾಗವನ್ನು ಜಿಡ್ಡು ಕರಗಿಸುವ ದ್ರವವಾದ ಅಸಿಟೋನ್‌ನಿಂದ ಒರೆಸಿ ತಕ್ಷಣ ಅಂಟಿಸಬೇಕು. ಬೀಟೆಯ ಪುಡಿ ಕೆಲವರಿಗೆ ಅಲರ್ಜಿ ತರುತ್ತದೆ, ಉಜ್ಜುವಾಗ ಮಾಸ್ಕ್ ಹಾಕಿಕೊಳ್ಳಿ.

ಹಳೆಯ ಹಿಡಿ ತೆಗೆಯುವಾಗ ದಯವಿಟ್ಟು ಬೆಂಕಿಗೆ ಹಿಡಿಯಬೇಡಿ. ಉಕ್ಕು ನೀಲಿಗೆ ತಿರುಗಿದರೆ ಅದು ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆ ಅಂತ ಅರ್ಥ. ಸಾಮಾನ್ಯ ಕಾರ್ಬನ್ ಉಕ್ಕಿನ ಅಲಗು ಆಗ ಮೆತ್ತಗಾಗುತ್ತದೆ, ಹರಿತ ನಿಲ್ಲುವುದಿಲ್ಲ. ಅಲಗಿಗೆ ನಾಲ್ಕೈದು ಸುತ್ತು ದಪ್ಪ ಟೇಪ್ ಸುತ್ತಿ, ಹಿಡಿಯನ್ನು ಉಳಿಯಿಂದ ಎಳೆಯ ದಿಕ್ಕಿನಲ್ಲೇ ಸೀಳಿ ತೆಗೆಯಿರಿ. ಆ ಟೇಪ್ ಕೆಲಸ ಪೂರ್ತಿ ಮುಗಿಯುವವರೆಗೂ ಬಿಚ್ಚಬೇಡಿ.

ಅಲಗಿನ ಬಾಲ, ಅಂದರೆ ಹಿಡಿಯೊಳಗೆ ಹೋಗುವ ಉಕ್ಕಿನ ಭಾಗ, ಕೂರಲು ಹೊಸ ಮರಕ್ಕೆ ತೂತು ಕೊರೆಯುವುದು ಅದು ಚೌಕ ತುಂಡಾಗಿರುವಾಗಲೇ, ಆಕಾರ ಕೊಟ್ಟ ಮೇಲಲ್ಲ. ತೂತು ಸ್ವಲ್ಪ ವಾರೆಯಾದರೂ ಆಮೇಲೆ ಹಿಡಿಯನ್ನು ಅದಕ್ಕೆ ತಕ್ಕಂತೆ ಕೆತ್ತಿಕೊಳ್ಳಬಹುದು. ಡ್ರಿಲ್ ಇಲ್ಲದಿದ್ದರೆ ತುಂಡನ್ನು ಉದ್ದಕ್ಕೆ ಎರಡು ಹೋಳು ಮಾಡಿ, ಒಂದು ಹೋಳಿನಲ್ಲಿ ಅಲಗಿನ ಬಾಲ ಕೂರುವಷ್ಟು ಗುಳಿ ತೋಡಿ, ಮತ್ತೆ ಜೋಡಿಸಿ ಅಂಟಿಸಿ. ನನಗೆ ಈ ಎರಡನೆಯ ದಾರಿಯೇ ಇಷ್ಟ, ಬಾಲ ನೆಟ್ಟಗೆ ಕೂತಿದೆಯಾ ಅಂತ ಕಣ್ಣಾರೆ ನೋಡಬಹುದು.

ಪ್ರಶ್ನೆ: ನಾನೂ ಹಿಡಿ ಮಾಡಿದೆ. ಎಪಾಕ್ಸಿ (ಎರಡು ಭಾಗ ಬೆರೆಸಿ ಹಚ್ಚುವ ಅಂಟು) ಹಾಕಿಯೇ ಕೂರಿಸಿದೆ, ಆದರೂ ಎರಡು ತಿಂಗಳಿಗೆ ಅಲಗು ಅಲ್ಲಾಡುತ್ತಿದೆ. ಯಾಕೆ?

ಉತ್ತರ: ಬಾಲ ನುಣುಪಾಗಿತ್ತಾ? ನುಣುಪು ಉಕ್ಕಿಗೆ ಎಪಾಕ್ಸಿ ಸರಿಯಾಗಿ ಕಚ್ಚುವುದಿಲ್ಲ. 80 ನಂಬರಿನ ಸ್ಯಾಂಡ್‌ಪೇಪರಿನಿಂದ ಒರಟು ಮಾಡಿ, ಅರದಿಂದ ಅಂಚಿನಲ್ಲಿ ಎರಡು ಮೂರು ಕಚ್ಚು ಹಾಕಿ, ಜಿಡ್ಡು ಒರೆಸಿ. ಐದು ನಿಮಿಷಕ್ಕೆ ಗಟ್ಟಿಯಾಗುವ ಎಪಾಕ್ಸಿಗಿಂತ 24 ಗಂಟೆ ಬೇಕಾಗುವುದು ಜಾಸ್ತಿ ಬಾಳುತ್ತದೆ. ಅಂಟನ್ನು ತೂತಿನ ತಳದಿಂದ ತುಂಬುತ್ತಾ ಬನ್ನಿ, ಇಲ್ಲದಿದ್ದರೆ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ.

ಪ್ರಶ್ನೆ: ಹಿಡಿಗೆ ವಾರ್ನಿಷ್ ಹಚ್ಚಬಹುದಾ?

ಉತ್ತರ: ನಾನಂತೂ ಹಚ್ಚುವುದಿಲ್ಲ. ದಪ್ಪ ವಾರ್ನಿಷ್ ಬೆವರಿದ ಕೈಯಲ್ಲಿ ಜಾರುತ್ತದೆ. 220 ನಂಬರಿನವರೆಗೆ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿ ಒಣಗಿಸಿ, ಎದ್ದ ನವಿರು ಎಳೆಗಳನ್ನು ಮತ್ತೆ ಉಜ್ಜಿ. ಆಮೇಲೆ ಒಂದು ವಾರ ಏನೂ ಹಚ್ಚದೆ ಕೆತ್ತಿ. ಕೈ ಜಾಸ್ತಿ ತಿಕ್ಕುವ ಜಾಗ ಕೊಳೆಯಾಗಿ ಹೊಳೆಯುತ್ತದೆ. ಅಲ್ಲಿ ನೋಯುತ್ತಿದ್ದರೆ ಇನ್ನೆರಡು ಚಕ್ಕೆ ತೆಗೆಯಿರಿ. ಕೊನೆಗೆ ಅಗಸೆ ಎಣ್ಣೆ ತೆಳ್ಳಗೆ ಹಚ್ಚಿ, ಹೆಚ್ಚಾದದ್ದನ್ನು ಒರೆಸಿ. ಒರೆಸಿದ ಬಟ್ಟೆಯನ್ನು ಮುದುರಿ ಬುಟ್ಟಿಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದುರಿದ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಅದನ್ನು ಹೊರಗೆ ಬಿಡಿಸಿ ಹರವಿ, ಪೂರ್ತಿ ಒಣಗಿ ಗಡುಸಾದ ಮೇಲೆ ಎಸೆಯಿರಿ.