ನಾನು ಬರೆದ ಹಸು, ಕುರಿ, ಕೋಳಿ ಚಿತ್ರಗಳನ್ನು ಟವೆಲ್, ಮೇಜುಹಾಸಿನ ಮೇಲೆ ಅಚ್ಚು ಹಾಕಬೇಕು. ಸ್ಕ್ರೀನ್ ಪ್ರಿಂಟ್ ಒಳ್ಳೆಯದೋ, ಡಿಜಿಟಲ್ಲೋ?

ಅದು ಆಮೇಲೆ. ಮೊದಲು ಬಟ್ಟೆ ಒಗೆಯಿರಿ.

ನಾನೂ ಸ್ಕ್ರೀನೋ ಡಿಜಿಟಲೋ ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡವಳು. ಕೊನೆಗೆ ಸ್ಕ್ರೀನ್ (ಚಿತ್ರದ ಗೆರೆಗಳಲ್ಲಷ್ಟೇ ಶಾಯಿ ಇಳಿಯುವ ಜಾಲರಿ ಚೌಕಟ್ಟು) ಮಾಡಿಸಿ, ಪಿಗ್ಮೆಂಟ್ ಶಾಯಿ, ಅಂದರೆ ಬಣ್ಣದ ಪುಡಿ ಬೆರೆತ ಶಾಯಿ ತಂದು, ಹೊಸ ಹತ್ತಿ ಬಟ್ಟೆಯನ್ನು ತಾನಿನಿಂದ ಬಿಚ್ಚಿದವಳೇ ಹಾಗೇ ಮೇಜಿಗೆ ಹಾಸಿದೆ. ಕರುವಿಗೆ ಹಾಲೂಡಿಸುತ್ತ ನಿಂತ ಹಸುವಿನ ಚಿತ್ರ ಅದು. ಗೆರೆಗಳು ಕಾಗದದ ಮೇಲಿದ್ದಷ್ಟೇ ಚೂಪಾಗಿ ಮೂಡಿದವು. ಖುಷಿಯಲ್ಲಿ 40 ಟವೆಲ್ ಮುಗಿಸಿದೆ, ಒಂದಷ್ಟನ್ನು ಉಡುಗೊರೆಯಾಗಿ ಕೊಟ್ಟೂಬಿಟ್ಟೆ.

ಗೆರೆ ಅಷ್ಟು ಚೂಪಾಗಿ ಬಂದದ್ದೇಕೆ ಎಂದು ಆಗಲೇ ಯೋಚಿಸಬೇಕಿತ್ತು. ಮಗ್ಗದಲ್ಲಿ ಹಾಸು, ಅಂದರೆ ಬಟ್ಟೆಯ ಉದ್ದಕ್ಕೆ ಓಡುವ ನೂಲು, ತುಂಡಾಗದಿರಲೆಂದು ಗಂಜಿ ಹಾಕುತ್ತಾರೆ. ಹೊಸ ಬಟ್ಟೆಯಲ್ಲಿ ಅದು ಹಾಗೇ ಉಳಿದಿರುತ್ತದೆ. ನನ್ನ ಶಾಯಿ ನೂಲಿಗೆ ಇಳಿದಿರಲೇ ಇಲ್ಲ, ಗಂಜಿಯ ಮೇಲೆ ಕೂತಿತ್ತು. ಟವೆಲ್ ಒಗೆದಾಗ ಬಿಸಿನೀರಿಗೆ ಗಂಜಿ ಬಿಟ್ಟಿತು, ಶಾಯಿಯೂ ಚಕ್ಕೆಚಕ್ಕೆಯಾಗಿ ಅದರ ಜೊತೆಗೇ ಹೋಯಿತು. ಅಷ್ಟೇ ಆಗಿದ್ದರೆ ಮತ್ತೆ ಅಚ್ಚು ಹಾಕಬಹುದಿತ್ತೇನೋ. ಆದರೆ ನೇಯುವಾಗ ಹಾಸನ್ನು ಬಿಗಿಯಾಗಿ ಎಳೆದಿರುತ್ತಾರಲ್ಲ, ನೀರು ತಾಗಿದಾಗ ಆ ಬಿಗಿ ಸಡಿಲಿ ಬಟ್ಟೆ ಉದ್ದದಲ್ಲೇ ಹೆಚ್ಚು ಕುಗ್ಗುತ್ತದೆ. 70 ಸೆಂ.ಮೀ. ಉದ್ದವಿದ್ದ ಟವೆಲ್ 65ಕ್ಕೆ ಇಳಿಯಿತು, ಅಗಲ ಹೆಚ್ಚುಕಡಿಮೆ ಇದ್ದಂತೆಯೇ ಇತ್ತು. ಹಸುವಿನ ಕಾಲು ಮೊಟಕಾಗಿ ಹೊಟ್ಟೆ ನೆಲಕ್ಕೆ ಹತ್ತಿರ ಬಂತು. ಅದರ ನಿಲುವನ್ನು ಹಿಡಿಯಲು ನಾನು ಎಷ್ಟು ಹಾಳೆ ಹರಿದಿದ್ದೆನೋ! ಅದನ್ನು ಹಾಗೆ ನೋಡಿ ಅಳುವೇ ಬಂತು.

ಈಗ ಬಟ್ಟೆಯನ್ನು ರಾತ್ರಿಯಿಡೀ ನೆನೆಹಾಕಿ, ಸೋಪು ಹಾಕಿ ಬಿಸಿನೀರಲ್ಲಿ ಎರಡು ಸಲ ಒಗೆಯುತ್ತೇನೆ. ಒಣಗಿದ ಮೇಲೆ ಮೂಲೆಯಲ್ಲಿ ಒಂದು ಹನಿ ಅಯೋಡಿನ್. ನೀಲಿಗಪ್ಪಾಯಿತೆಂದರೆ ಗಂಜಿ ಇನ್ನೂ ಇದೆ, ಮತ್ತೆ ಒಗೆತ. ಅಚ್ಚು ಹಾಕಿ ಒಣಗಿದ ಬಳಿಕ ಹಿಂಬದಿಯಿಂದ ಬಿಸಿ ಇಸ್ತ್ರಿಯನ್ನು ಶಾಯಿ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಆಡಿಸಲೇಬೇಕು, ಇಲ್ಲದಿದ್ದರೆ ಶಾಯಿ ಕಚ್ಚುವುದಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ: ಒಂದೇ ಬಣ್ಣದ ಗೆರೆಚಿತ್ರವಾದರೆ ಸ್ಕ್ರೀನ್, ಜಲವರ್ಣದ ಛಾಯೆಗಳಿದ್ದರೆ ಡಿಜಿಟಲ್. ಇದರಲ್ಲಿ ತಿಂಗಳು ಕಳೆಯುವಂಥದ್ದೇನೂ ಇಲ್ಲ.

ನನಗೆ ನಿಜಕ್ಕೂ ಒಪ್ಪಿಗೆಯಾಗದ್ದು, ಒಂದೇ ಚಿತ್ರವನ್ನು ಎಲ್ಲದಕ್ಕೂ ಬಳಸುವ ಯೋಚನೆ. ಮೇಜುಹಾಸಿನಲ್ಲಿ ಕೋಳಿಗಳೆಲ್ಲ ಒಂದೇ ದಿಕ್ಕಿಗೆ ನಿಂತರೆ ಎದುರು ಕೂತವರಿಗೆ ತಲೆಕೆಳಗಾಗಿ ಕಾಣುತ್ತವೆ. ನಾಲ್ಕೂ ಅಂಚಿನಲ್ಲಿ, ಕಾಲು ಅಂಚಿನ ಕಡೆಗಿರುವಂತೆ ನಿಲ್ಲಿಸಿ. ಇನ್ನು ಕುರಿಯನ್ನು ಸುಮ್ಮನೆ ಚಿಕ್ಕದು ಮಾಡಿದರೆ ಉಣ್ಣೆಯ ಒತ್ತು ಗೆರೆಗಳೆಲ್ಲ ಶಾಯಿ ತುಂಬಿ ಒಂದೇ ಮುದ್ದೆಯಾಗುತ್ತವೆ. ನನ್ನ ಕುರಿಯನ್ನು ಟವೆಲ್‌ಗೆಂದೇ ಹೊಸದಾಗಿ ಬರೆದೆ. ಮೈಮೇಲಿನ ಗೆರೆಗಳನ್ನು ಅರ್ಧಕ್ಕಿಳಿಸಿದೆ, ಮುಖ ಮತ್ತು ಕಿವಿಯನ್ನು ಮಾತ್ರ ಮುಟ್ಟಲಿಲ್ಲ.