ಅಫಿಲಿಯೇಟ್ ಲಿಂಕಿಗೆ ನೋಫಾಲೋ ಬೇಕಾ?

ನಮಸ್ಕಾರ್ರಿ. ಜೋಳದ ರೊಟ್ಟಿ ಸೈಟಿನಲ್ಲಿ ಹಂಚು ಮಾರುವ ಅಫಿಲಿಯೇಟ್ ಲಿಂಕುಗಳಿಗೆ (ಯಾರಾದರೂ ಅದರಿಂದ ಕೊಂಡರೆ ನಿಮಗೆ ಕಮಿಷನ್ ಬರುವ ಲಿಂಕುಗಳಿಗೆ) ನೋಫಾಲೋ, ಅಂದರೆ ‘ಈ ಲಿಂಕನ್ನು ನನ್ನ ಶಿಫಾರಸು ಅಂತ ಎಣಿಸಬೇಡ’ ಎಂದು ಗೂಗಲ್‌ಗೆ ಹೇಳುವ ಗುರುತು, ಹಾಕಿದರೆ ಗೂಗಲ್ ಹುಡುಕಾಟದಲ್ಲಿ ರ‍್ಯಾಂಕ್ ಏರುತ್ತದಾ ಅಂತ ಕೇಳಿದ್ದೀರಿ. ಏರುವುದಿಲ್ಲ. ಆದರೂ ಹಾಕಬೇಕು. ಕಮಿಷನ್ ಬರುವ ಲಿಂಕಿಗೆ ಗುರುತು ಇಲ್ಲದಿದ್ದರೆ ಗೂಗಲ್ ಅದನ್ನು ಸ್ಪ್ಯಾಮ್ ಲೆಕ್ಕಕ್ಕೆ ಹಿಡಿಯಬಹುದು.

2019ರಲ್ಲಿ ಗೂಗಲ್ ದುಡ್ಡಿನ ಲಿಂಕುಗಳಿಗೆಂದೇ ಸ್ಪಾನ್ಸರ್ಡ್ ಅನ್ನುವ ಗುರುತು ತಂದಿತು. ಹೊಸ ಲಿಂಕಿನ ಎಚ್‌ಟಿಎಂಎಲ್ ಕೋಡಿನಲ್ಲಿ ರೆಲ್ (rel) ಅನ್ನುವ ಜಾಗದಲ್ಲಿ ಅದನ್ನೇ (sponsored) ಬರೆಯಿರಿ. ಹಳೆಯದರಲ್ಲಿ ನೋಫಾಲೋ ಇದ್ದರೆ ಸುಮ್ನೆ ಬಿಡಿ, ಅದೂ ನಡೆಯುತ್ತದೆ.

ಕಲಬುರಗಿ ತೊಗರಿ ಬೇಳೆ ಬಗ್ಗೆ ನನ್ನದೊಂದು ಸೈಟ್ ಇದೆ. ಅದರಲ್ಲಿ ಜಾಣತನ ಮಾಡಲು ಹೋಗಿ ಎಲ್ಲ ಲಿಂಕಿಗೂ ನೋಫಾಲೋ ಹಾಕಿದ್ದೆ, ನನ್ನದೇ ಒಳಪುಟಗಳಿಗೂ! ಆ ಕೆಲಸ ಮಾತ್ರ ಮಾಡಬೇಡಿ. ಯಾರೋ ರೈತರ ಪುಟ ಚೆನ್ನಾಗಿದೆ ಅಂತ ದುಡ್ಡಿಲ್ಲದೆ ಲಿಂಕ್ ಕೊಟ್ಟಿದ್ದರೆ, ಅದಕ್ಕೂ ಬೇಡ.