ದಿನವಿಡೀ ಟೀಕೆ ಕೇಳಿ ಮೈ ಉರಿಯುತ್ತೆ ಅಂದವರಿಗೆ ಸಂಪಾದಕರ ಉತ್ತರ

ನಮಸ್ಕಾರ. ನಿಮ್ಮ ಪತ್ರ ಸಮಾಧಾನವಾಗಿ ಕೂತು ಓದಿದೆ. ನೀವು ಮೆಚ್ಚಿದ ನಾಯಕರನ್ನ ಟಿವಿ, ಪೇಪರ್, ಫೋನು ಎಲ್ಲಾ ಕಡೆ ಬೆಳಗ್ಗೆಯಿಂದ ರಾತ್ರಿ ತನಕ ಜಾಡಿಸ್ತಾನೇ ಇದಾರೆ, ಕೇಳಿ ಕೇಳಿ ಮೈಯೆಲ್ಲ ಉರಿಯುತ್ತೆ, ಮನೆಯವರ ವಾಟ್ಸಾಪ್ ಗ್ರೂಪಲ್ಲಿ ಭಾವನ ಜೊತೆ ಜಗಳ ಆಗಿ ಗ್ರೂಪೇ ಬಿಟ್ಟು ಬಂದೆ, ಈಗ ನಿಮ್ಮ ಪತ್ರಿಕೆನೂ ಶುರು ಹಚ್ಕೊಂಡಿದೆ, ಕಳೆದ ಸಂಚಿಕೆ ಲೇಖನದಲ್ಲಿ ಕೊಟ್ಟ ಲೆಕ್ಕನೇ ಸರಿ ಇಲ್ಲ, ಸ್ವಲ್ಪ ದಿನ ಇದನ್ನೆಲ್ಲ ನಿಲ್ಸಕ್ಕಾಗಲ್ವಾ, ಇಲ್ಲಾಂದ್ರೆ ತಾಳ್ಮೆ ಇಟ್ಕೊಳ್ಳೋದು ಹೇಗೆ ಅಂತನಾದ್ರೂ ಹೇಳಿ ಅಂತ ಕೇಳಿದೀರಿ.

ನಿಲ್ಸಲ್ಲ. ಅಧಿಕಾರದಲ್ಲಿ ಇರೋರನ್ನ ಪ್ರಶ್ನೆ ಮಾಡೋದು ನಮ್ಮ ಕೆಲಸ, ನಾಳೆ ಎದುರು ಪಕ್ಷದವರು ಗೆದ್ದು ಅದೇ ಕುರ್ಚಿಯಲ್ಲಿ ಕೂತ್ರೆ ಅವರನ್ನೂ ಇಷ್ಟೇ ಕೇಳ್ತೀವಿ.

ಆದ್ರೆ ನಿಮ್ಮ ಕೋಪ ಸುಳ್ಳು ಅಂತ ನಾನು ಅನ್ನಲ್ಲ. ನಂಬಿದವರನ್ನ ಯಾರಾದ್ರೂ ಬೈದ್ರೆ ನೋವಾಗುತ್ತೆ, ಆಗ್ಲೇಬೇಕು. ನಂಗೆ ಯೋಚನೆ ಇರೋದು 'ಬೆಳಗ್ಗೆಯಿಂದ ರಾತ್ರಿ ತನಕ' ಅಂದ್ರಲ್ಲ, ಆ ಮಾತಿನ ಬಗ್ಗೆ. ಒಂದು ದಿನ ಹೇಗೆ ಸಾಗುತ್ತೆ ನೋಡಿ. ಬೆಳಗ್ಗೆ ಹತ್ತಕ್ಕೆ ಯಾರೋ ಒಬ್ರು ಪ್ರೆಸ್‌ಮೀಟ್‌ನಲ್ಲಿ ಒಂದು ಆರೋಪ ಮಾಡ್ತಾರೆ. ಹನ್ನೊಂದಕ್ಕೆ ಅದು ಬ್ರೇಕಿಂಗ್ ನ್ಯೂಸ್ ಆಗಿ ಕೆಳಗಿನ ಕೆಂಪು ಪಟ್ಟಿಯಲ್ಲಿ ಓಡ್ತಿರುತ್ತೆ. ಮಧ್ಯಾಹ್ನ ಅದಕ್ಕೊಬ್ಬರ ಪ್ರತಿಕ್ರಿಯೆ, ಆ ಪ್ರತಿಕ್ರಿಯೆಗೆ ಇನ್ನೊಬ್ಬರ ತಿರುಗೇಟು. ಸಂಜೆ ಸ್ಕ್ರೀನ್ ತುಂಬ ಎಂಟು ಮುಖ, ಎಲ್ಲರೂ ಒಟ್ಟಿಗೆ ಕಿರುಚ್ತಾರೆ, ರಾತ್ರಿ ಆ ಕಿರುಚಾಟದ ಮೂವತ್ತು ಸೆಕೆಂಡಿನ ತುಣುಕು ಫೋನಿಗೆ ಬರುತ್ತೆ, ಮಾರನೇ ಬೆಳಗ್ಗೆ ಭಾವ ಅದನ್ನೇ ಗ್ರೂಪಿಗೆ ಹಾಕ್ತಾರೆ. ನಿಮಗೆ ಬಿದ್ದ ಏಟು ಏಳೆಂಟು, ಆದ್ರೆ ಅಲ್ಲಿದ್ದ ಆರೋಪ ಒಂದೇ. ಅದು ಸರಿನೋ ತಪ್ಪೋ ಅಂತ ಆ ಇಡೀ ದಿನದಲ್ಲಿ ಯಾರೂ ಪರಿಶೀಲನೆ ಮಾಡಿಲ್ಲ, ಇದು ನಮ್ಮ ವೃತ್ತಿಗೆ ಅಂಟಿದ ಕೆಟ್ಟ ಚಾಳಿ, ಇದರ ಬಗ್ಗೆ ನಂಗೂ ನಿಮ್ಮಷ್ಟೇ ಸಿಟ್ಟಿದೆ.

ಇನ್ನು ಫೋನಿನ ವಿಷಯ. 2017ರಲ್ಲಿ ಫೇಸ್‌ಬುಕ್ ಎಮೋಜಿ ರಿಯಾಕ್ಷನ್‌ಗಳಿಗೆ, ಕೋಪದ ಮುಖನೂ ಸೇರಿ, ಒಂದು ಲೈಕ್‌ಗಿಂತ ಐದು ಪಟ್ಟು ಬೆಲೆ ಕೊಟ್ಟಿತ್ತು. ಅಂದ್ರೆ ನೀವು ಸಿಟ್ಟಾಗಿ ಒತ್ತಿದಷ್ಟೂ ಆ ಪೋಸ್ಟ್ ಇನ್ನೂ ಹೆಚ್ಚು ಜನರ ಮುಂದೆ ಹೋಗ್ತಿತ್ತು. 2020ರಲ್ಲಿ ಕೋಪದ ಮುಖದ ಬೆಲೆನ ಸೊನ್ನೆ ಮಾಡಿದ್ರು, ಮಾರನೇ ವರ್ಷ ಕಂಪನಿಯ ಒಳಗಿನ ದಾಖಲೆಗಳು ಹೊರಗೆ ಬಂದ ಮೇಲೇ ನಮಗೆಲ್ಲ ಇದು ಗೊತ್ತಾಗಿದ್ದು.

ಟೀಕೆಯ ಏಟು ನೇರವಾಗಿ ತಿಂದವರ ಒಂದು ಸಂಗತಿ ಹೇಳ್ಬೇಕು. ಅಮೆರಿಕದ ಅಧ್ಯಕ್ಷರಾಗಿದ್ದ ಹ್ಯಾರಿ ಟ್ರೂಮನ್. 1950ರ ಡಿಸೆಂಬರ್, ಕೊರಿಯಾ ಯುದ್ಧ ಕೈಮೀರಿ ಹೋಗ್ತಿತ್ತು, ಪತ್ರಿಕೆಗಳು ದಿನಾ ಅವರನ್ನ ಹರಿದು ಹಾಕ್ತಿದ್ವು. ಡಿಸೆಂಬರ್ 5ಕ್ಕೆ ಅವರ ಬಾಲ್ಯದ ಗೆಳೆಯ, ಪ್ರೆಸ್ ಸೆಕ್ರೆಟರಿ ಚಾರ್ಲಿ ರಾಸ್ ತೀರಿಕೊಂಡ್ರು, ಅದೇ ಸಂಜೆ ಮಗಳು ಮಾರ್ಗರೆಟ್‌ಳ ಗಾಯನ ಕಚೇರಿ, ಮಾರನೇ ದಿನ ವಾಷಿಂಗ್ಟನ್ ಪೋಸ್ಟ್‌ನಲ್ಲಿ ಆಕೆಗೆ ಚೆನ್ನಾಗಿ ಹಾಡಕ್ಕೆ ಬರಲ್ಲ ಅಂತ ವಿಮರ್ಶೆ ಬಂತು. ಯುದ್ಧದ ಟೀಕೆ ಅಷ್ಟೊಂದು ಸಹಿಸಿದ ಮನುಷ್ಯ ಇದಕ್ಕೆ ಸಹನೆ ಕಳ್ಕೊಂಡ್ರು. ನೀನು ಎದುರು ಸಿಕ್ಕ ದಿನ ನಿಂಗೆ ಹೊಸ ಮೂಗು ಬೇಕಾಗುತ್ತೆ ಅನ್ನೋ ಥರ ವಿಮರ್ಶಕನಿಗೆ ಪತ್ರ ಬರೆದು ಕಳಿಸೇಬಿಟ್ರು, ಅದು ಪತ್ರಿಕೆಯಲ್ಲಿ ಅಚ್ಚಾಯ್ತು. ಮಕ್ಕಳು ಯುದ್ಧದಲ್ಲಿ ಸಾಯ್ತಾ ಇರೋವಾಗ ಇವರಿಗೆ ಮಗಳ ಹಾಡಿನ ಚಿಂತೆ ಅಂತ ಜನ ಕೆರಳಿದ್ರು. ಆಮೇಲೆ ಕೊರಿಯಾದಲ್ಲಿ ಸತ್ತ ಒಬ್ಬ ಸೈನಿಕನ ತಂದೆ, ಮಗನಿಗೆ ಬಂದಿದ್ದ ಪರ್ಪಲ್ ಹಾರ್ಟ್ ಪದಕನ (ಯುದ್ಧದಲ್ಲಿ ಗಾಯಗೊಂಡ ಇಲ್ಲಾ ಸತ್ತ ಸೈನಿಕರಿಗೆ ಅಮೆರಿಕ ಕೊಡೋ ಪದಕ) ವಾಪಸ್ ಕಳಿಸಿ, ನಮ್ಮ ಮಗನಿಗಾದ ಗತಿ ನಿಮ್ಮ ಮಗಳಿಗೂ ಆಗ್ಲಿಲ್ಲ ಅನ್ನೋದೇ ನಮ್ಮ ವ್ಯಥೆ ಅನ್ನೋ ಅರ್ಥದಲ್ಲಿ ಪತ್ರ ಬರೆದ್ರು. ಒಬ್ಬ ಅಪ್ಪನಿಗೆ ಇದಕ್ಕಿಂತ ಕ್ರೂರವಾದ ಮಾತು ಇನ್ನೇನಿದೆ ಹೇಳಿ. ಆ ಪತ್ರ, ಆ ಪದಕ ಎರಡನ್ನೂ ಟ್ರೂಮನ್ ತಮ್ಮ ಮೇಜಿನ ಡ್ರಾಯರ್‌ನಲ್ಲಿ ಇಟ್ಕೊಂಡಿದ್ರು, 1972ರಲ್ಲಿ ಅವರು ತೀರಿಕೊಂಡ ಮೇಲೆ ಅಲ್ಲೇ ಸಿಕ್ಕಿತು.

ನಂಗೆ ಇದರಲ್ಲಿ ಕಾಣೋದು, ಅವರಿಗೆ ಸುಲಭವಾಗಿ ಕೋಪ ಬಂದಿದ್ದು ಹಗುರವಾದ ವಿಷಯಕ್ಕೆ, ಭಾರವಾದ ಮಾತನ್ನ ಅವರು ಕೈಗೆಟಕೋ ಹಾಗೆ ಇಟ್ಕೊಂಡ್ರು. ನೀವೂ ವಿಂಗಡಿಸಿ ಅಂತ ಕೇಳ್ಕೊಳ್ತೀನಿ. ಯಾವ ಮಾತು ಮೈ ಉರಿಸ್ತೋ ಅದನ್ನ ಒಂದು ಹಾಳೆಯಲ್ಲಿ ಬರೀರಿ, ಕೂಗಾಟ ಇಲ್ದೆ ಬರೀ ಮಾತು. ಅದರಲ್ಲಿ ನಿಮ್ಮ ನಾಯಕರ ಒಂದು ಕೆಲಸ, ಒಂದು ತೀರ್ಮಾನ, ಒಂದು ಖರ್ಚು ಇದ್ಯಾ? ಇದ್ರೆ ಅದು ಟೀಕೆ, ಅದಕ್ಕೆ ಉತ್ತರ ಹುಡುಕಿ, ಸಿಕ್ರೆ ಗಟ್ಟಿಯಾಗಿ ಹೇಳಿ, ಸಿಗ್ಲಿಲ್ಲ ಅಂದ್ರೆ ನಿಮ್ಮ ನಾಯಕರನ್ನೇ ಕೇಳಿ, ಕೇಳೋ ಹಕ್ಕು ಎಲ್ಲರಿಗಿಂತ ನಿಮಗೇ ಜಾಸ್ತಿ ಇದೆ. ಅವರ ಮುಖ, ಮನೆ, ಜಾತಿ, ಮಾತಿನ ಶೈಲಿ ಬಿಟ್ರೆ ಬೇರೇನೂ ಇಲ್ಲ ಅಂದ್ರೆ ಅದು ಬೈಗುಳ, ಅದಕ್ಕೆ ನಿಮ್ಮ ಒಂದು ರಾತ್ರಿ ನಿದ್ದೆನೂ ಕೊಡ್ಬೇಡಿ. ಮತ್ತೆ, ನೀವು ಅವರಿಗೆ ಕೊಟ್ಟಿದ್ದು ಓಟು, ನಿಮ್ಮ ಮಾನ ಅಲ್ಲ. ಅವರಿಗೆ ಬಿದ್ದ ಪ್ರತಿ ಮಾತೂ ನಿಮಗೇ ಬಿತ್ತು ಅಂದ್ಕೊಂಡ್ರೆ ಯಾರಿಂದಾದ್ರೂ ಎಷ್ಟು ದಿನ ತಡ್ಕೊಳ್ಳಕ್ಕಾಗುತ್ತೆ?

ಸಂಜೆ ಚರ್ಚೆ ನೋಡೋದು ಬಿಡಿ, ಸುದ್ದಿ ಬಿಡ್ಬೇಡಿ. ದಿನಕ್ಕೊಂದು ಸಲ ಓದಿದ್ರೆ ಸಾಕು. ಭಾವನಿಗೆ ಗ್ರೂಪಲ್ಲಿ ಅಲ್ಲ, ಫೋನ್ ಮಾಡಿ ಮಾತಾಡಿ, ರಾಜಕೀಯ ಮೊದಲ ಮಾತು ಆಗೋದು ಬೇಡ.

ಲೆಕ್ಕದ ವಿಷಯಕ್ಕೆ ಬರ್ತೀನಿ. ಸರಿ ಇಲ್ಲ ಅಂದಿದೀರಿ, ಯಾವುದು ಅಂತ ಬರ್ದಿಲ್ಲ. ಯಾವ ಸಾಲು, ಸರಿಯಾದ ಅಂಕಿ ಯಾವುದು, ಅದು ಎಲ್ಲಿ ಸಿಗುತ್ತೆ ಅಂತ ಬರೆದು ಕಳಿಸಿ. ಲೇಖಕರ ಜೊತೆ ಕೂತು ಪರಿಶೀಲಿಸ್ತೀನಿ, ನೀವು ಹೇಳಿದ್ದು ಸರಿ ಇದ್ರೆ ಲೇಖನ ಬಂದ ಪುಟದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ತಿದ್ದುಪಡಿ ಹಾಕ್ತೀವಿ.